ಎಕ್ಸ್ ಯಾರ ಪೈಕಿ?

ಗಿರಿಜಾ ಅಕ್ಕೋರ ತುರುಬಿನಲ್ಲಿ ನಾನು ಒಂದು ದಿನವೂ ಹೂವು ಕಾಣಲಿಲ್ಲ. ಅಲ್ಲಿ ಇರುತ್ತಿದ್ದದ್ದು ಖಡು. ನಮ್ಮ ಕಡೆ ಸೀಮೆಸುಣ್ಣಕ್ಕೆ ಖಡು, ಶಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಬೋರ್ಡಿನ ಮೇಲೆ ಒಂದು ಸಾಲು ಬರೆದು ಮಾತಿಗೆ ತಿರುಗಿದರೆಂದರೆ ಕೈಯಲ್ಲಿದ್ದ ತುಂಡನ್ನು ತುರುಬಿಗೆ ಚುಚ್ಚಿಕೊಂಡುಬಿಡುವರು. ಮತ್ತೆ ಬರೆಯುವ ಹೊತ್ತಿಗೆ ಅದನ್ನು ಮೇಜಿನ ಮೇಲೆ, ಕಿಟಕಿಯಲ್ಲಿ, ನಮ್ಮ ಬೆಂಚುಗಳ ಮೇಲೆಲ್ಲ ಹುಡುಕುವರು. "ಯಾರರ ತೊಗೊಂಡೀರೇನ ನನ್ನ ಖಡು?" ಎಂದು ಕೇಳಿದರೆ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವರು ಹೊಸದೊಂದು ತುಂಡು ತೆಗೆದು, ಸ್ವಲ್ಪ ಹೊತ್ತಿಗೆ ಅದನ್ನೂ ಅಲ್ಲೇ ಚುಚ್ಚಿಕೊಂಡರೆ ನಮಗೆ ಹಬ್ಬವೋ ಹಬ್ಬ. ಸಂಜೆ ತಲೆತುಂಬ ಖಡು ಹೊತ್ತುಕೊಂಡೇ ಬಸ್ಸು ಹತ್ತುತ್ತಿದ್ದರು.

ಅವರ ಊರು ಹೆಬ್ಬಳ್ಳಿ, ಒಕ್ಕಲುತನದ ಮನೆ. ದಿನಾ ಧಾರವಾಡಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹುಬ್ಬಳ್ಳಿಯ ನಮ್ಮ ಹೈಸ್ಕೂಲಿಗೆ ಗಣಿತ ಹೇಳಲು ಬರುತ್ತಿದ್ದರು. ಸಣ್ಣ ಆಳು, ಗಟ್ಟಿ ದನಿ, ಬಾಯಲ್ಲಿ ಸದಾ ಒಂದೇ ಶಬ್ದ: "ಮುಂದ?" ನಾವು ಬೋರ್ಡಿನ ಹತ್ತಿರ ಹೋಗಿ ಒಂದು ಹೆಜ್ಜೆ ಬರೆದರೆ "ಮುಂದ?" ಎನ್ನುವರು. ಸರಿ ಬರೆದರೂ ಅಷ್ಟೇ, ತಪ್ಪು ಬರೆದರೂ ಅಷ್ಟೇ. ಅವರ ಮುಖ ನೋಡಿ ಉತ್ತರ ಸರಿಯೋ ತಪ್ಪೋ ಎಂದು ಊಹಿಸುವ ಆಸೆ ಇಟ್ಟುಕೊಳ್ಳುವಂತಿರಲಿಲ್ಲ. ತಪ್ಪು ದಾರಿಯಲ್ಲಿ ಹೋಗಿ ಗೋಡೆಗೆ ಹಣೆ ಬಡಿದುಕೊಂಡು ನಿಂತಾಗ ಮಾತ್ರ, "ಹೊಳ್ಳಿ ಬಾ, ಎಲ್ಲಿ ದಾರಿ ತಪ್ಪಿದಿ ನೋಡು" ಎನ್ನುವರು.

ಈ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೆ. ಕೊನೆಗೆ ಕೂತು ಬರೆಯುವಂತೆ ಮಾಡಿದ್ದು ನನ್ನ ಮಗಳ ಶಾಲೆಯ ಪಾಲಕರ ವಾಟ್ಸಾಪ್ ಗುಂಪು. ಕಳೆದ ವಾರ ಅಲ್ಲಿ ಒಬ್ಬರು, "ಈ ಬೀಜಗಣಿತ ಜೀವನದಾಗ ಯಾರಿಗರ ಉಪಯೋಗ ಬಿದ್ದದ ಏನ್ರಿ? ಬಿದ್ದವ್ರು ಕೈ ಎತ್ರಿ. ಇದನ್ನೂ ಬಂದ್ ಮಾಡ್ಸೂಣು, ಹೋಮ್‌ವರ್ಕೂ ಬಂದ್ ಮಾಡ್ಸೂಣು" ಎಂದು ಬರೆದರು. ಹೌದ್ರಿ ಹೌದ್ರಿ ಎಂದು ಸಾಲುಸಾಲು ಹೆಬ್ಬೆರಳು ಬಂದವು. ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಸಿಟ್ಟು ಯಾರ ಮೇಲೆ ಎಂಬುದೇ ನನಗೆ ಸರಿಯಾಗಿ ಗೊತ್ತಾಗಲಿಲ್ಲ, ಯಾಕೆಂದರೆ ಆ ಪುಣ್ಯಾತ್ಮ ಹೇಳಿದ್ದರಲ್ಲಿ ಅರ್ಧ ಖರೇ ಇತ್ತು. ನನ್ನ ಮಗಳು ದಿನಾ ಪುಟಗಟ್ಟಲೆ ಲೆಕ್ಕ ಬರೆದುಕೊಂಡು ಹೋಗುತ್ತಾಳೆ. ಅದರಲ್ಲಿ ಒಂದನ್ನು ತೋರಿಸಿ ಇದು ಹೀಗೆ ಯಾಕೆ ಎಂದು ಕೇಳಿದರೆ, "ಹಂಗ ಇರ್ತದವ್ವಾ, ಸುಮ್ನಿರು" ಎನ್ನುತ್ತಾಳೆ. ಅಂಥ ಹೋಮ್‌ವರ್ಕನ್ನು ನಾಳೆಯೇ ನಿಲ್ಲಿಸಲಿ, ನಾನೇ ಹೋಗಿ ಪೇಢೆ ಹಂಚಿ ಬರುತ್ತೇನೆ.

ಅಕ್ಕೋರೂ ಅದನ್ನೇ ಹೇಳುತ್ತಿದ್ದರು. "ಭಾಳ ಲೆಕ್ಕಾ ಕೊಟ್ರ ಕೈ ದುಡೀತೈತಿ, ತಲಿ ಮಕ್ಕೋತೈತಿ." ಅದಕ್ಕೇ ಅವರು ಮನೆಗೆ ಕೊಡುತ್ತಿದ್ದದ್ದು ಒಂದೇ ಲೆಕ್ಕ. ಕೇಳಿದರೆ ಸುಖ ಅನ್ನಿಸುತ್ತದೆ ಅಲ್ಲವೇ? ಆದರೆ ಆ ಒಂದನ್ನು ಬಿಡಿಸಿದರೆ ಮುಗಿಯುತ್ತಿರಲಿಲ್ಲ. ಮನೆಯಲ್ಲಿ ಯಾರಾದರೊಬ್ಬರನ್ನು ಕೂರಿಸಿಕೊಂಡು ಅವರಿಗೆ ಅದನ್ನು ಬಾಯಿಬಿಟ್ಟು ತಿಳಿಸಿ ಹೇಳಬೇಕು. ಅವರು ಶಾಲೆಯ ಮೆಟ್ಟಿಲು ಹತ್ತದವರಾದರೆ ಇನ್ನೂ ಛಲೋ. ಕೇಳಿದವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಪ್ರಶ್ನೆ ಬಂದರೆ ಹೋಮ್‌ವರ್ಕ್ ಆಯಿತು, ಇಲ್ಲವಾದರೆ ಆಗಲಿಲ್ಲ. ಮರುದಿನ ತರಗತಿಗೆ ಬಂದವರು ನಮ್ಮ ಪಟ್ಟಿ ಪುಸ್ತಕ ಮುಟ್ಟುತ್ತಲೂ ಇರಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದದ್ದು ಇಷ್ಟೇ: "ಯಾರಿಗೆ ಹೇಳಿದಿ? ಅವ್ರೇನ ಕೇಳಿದ್ರು?"

ಈ ಪದ್ಧತಿ ಎಲ್ಲಿಂದ ಬಂತೆಂದು ಒಮ್ಮೆ ಅವರೇ ಹೇಳಿದ್ದರು. ಅವರ ಅವ್ವನಿಗೆ ಓದು ಬರೆಹ ಇರಲಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆಯಿಂದ ನೇರ ಹೊಲಕ್ಕೆ ಹೋಗಿ, ಅವ್ವನ ಪಕ್ಕದ ಸಾಲು ಹಿಡಿದು ಹತ್ತಿ ಬಿಡಿಸುತ್ತ ಅಂದಿನ ಪಾಠ ಹೇಳುವುದು ರೂಢಿ. "ನಮ್ಮವ್ವ ಸುಮ್ಮನ ಹೂಂ ಹೂಂ ಅನ್ನಾಕಿ. ನಡಬರಕ ಒಮ್ಮಿ, ಅಲ್ಲವಾ ಗಿರಿಜಾ, ಅದು ಹಂಗ್ಯಾಕ, ಅನ್ನಾಕಿ. ಅಷ್ಟ ನೋಡ್ರಿ! ಎಲ್ಲಾ ಬರ್ತೈತಿ ಅಂತ ತಿಳಕೊಂಡಾಕಿ ಅಲ್ಲೇ ಗಪ್ಪಾಗಿಬಿಡ್ತಿದ್ದೆ. ನನಗ ಗಣಿತ ಕಲಿಸಿದ್ದು ಮಾಸ್ತರು ಹೌದು. ನನಗ ತಿಳಿದಿಲ್ಲ ಅನ್ನೂದು ತೋರಿಸಿಕೊಟ್ಟಾಕಿ ಮಾತ್ರ ನಮ್ಮವ್ವ" ಎಂದಿದ್ದರು.

ನಮ್ಮ ಮನೆಗಳಲ್ಲಿ ಎದ್ದ ಗದ್ದಲ ಏನು ಕೇಳುತ್ತೀರಿ. ಒಬ್ಬಳು ಒಲೆಯ ಮುಂದೆ ಕೂತ ಅತ್ತಿಗೆಗೆ ಹೇಳುವಳು, ಇನ್ನೊಬ್ಬ ಹಜಾಮತಿಗೆ ಕೂತ ಕಾಕಾನಿಗೆ ಹೇಳುವನು. ಮಂಜುನಾಥ ಎಂಬ ಹುಡುಗನ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ತಾಯಿ ಇಲ್ಲ, ತಂದೆ ಹಮಾಲಿ ಮುಗಿಸಿ ಬರುವ ಹೊತ್ತಿಗೆ ಸುಸ್ತು. ಅವನು ಎಮ್ಮೆಗೆ ಹೇಳಿ ಬಂದ. ಇಡೀ ತರಗತಿ ನಕ್ಕಿತು, ಅಕ್ಕೋರು ನಗಲಿಲ್ಲ.

"ಎಮ್ಮಿ ಏನ ಕೇಳ್ತು?"

"ಏನೂ ಕೇಳ್ಲಿಲ್ರಿ."

"ಹಂಗಾರ ಹೋಮ್‌ವರ್ಕ್ ಆಗಿಲ್ಲ. ಇವತ್ತ ಊಟದ ಸೂಟಿಯೊಳಗ ನನಗ ಬಂದು ಹೇಳು. ನಾ ನಿಮ್ಮವ್ವ ಅಂತ ತಿಳ್ಕೊ, ನನಗ ಏನೂ ಬರೂದಿಲ್ಲ ಅಂತ ತಿಳ್ಕೊ."

ಅಂದಿನಿಂದ ಮಂಜುನಾಥ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಅಕ್ಕೋರಿಗೆ ಗಣಿತ ಕಲಿಸತೊಡಗಿದ. ಅಕ್ಕೋರು ರೊಟ್ಟಿ ಮುರಿಯುತ್ತ, ಏನೂ ತಿಳಿಯದವರ ಹಾಗೆ ಪೆದ್ದುಪೆದ್ದು ಪ್ರಶ್ನೆ ಕೇಳುವರು. ತಮ್ಮ ಡಬ್ಬಿಯ ಅರ್ಧ ಪಲ್ಯ ಅವನ ಕೈಗೆ ಹೋಗುತ್ತಿತ್ತು.

ನಮ್ಮ ಮನೆ ಕಮರಿಪೇಟೆಯ ಒಂದು ಇಕ್ಕಟ್ಟು ಓಣಿಯಲ್ಲಿತ್ತು. ಅಪ್ಪನದು ಕಾಳುಕಡಿ ಅಂಗಡಿ. ಅವ್ವನಿಗೆ ಕೈ ಬಿಡುವಿರಲಿಲ್ಲ. ಕೇಳುವುದಕ್ಕೆ ಉಳಿದವಳು ಅಪ್ಪನ ತಾಯಿ, ನಮ್ಮ ಆಯಿ. ಆಯಿಗೆ ಕಿವಿ ಮಂದ. ಮಂದ ಎಂದರೆ, ದೀಪಾವಳಿಯ ಪಟಾಕಿಗೆ ತಿರುಗಿ ನೋಡುವಷ್ಟು ಮಾತ್ರ ಕೇಳುತ್ತಿತ್ತು. ಹಾಗಾಗಿ ನನ್ನ ಹೋಮ್‌ವರ್ಕ್ ಕೂಗಾಟವಾಯಿತು. ನಾನು ಹೊರಗಿನ ಕಟ್ಟೆಯ ಮೇಲೆ ಆಯಿಯ ಪಕ್ಕ ಕೂತು ಚೀರಬೇಕು, ತನಗೆ ಕೇಳುವುದಿಲ್ಲವಾದ್ದರಿಂದ ಆಯಿಯೂ ಚೀರುವಳು. ಓಣಿಗೆ ಓಣಿಯೇ ಬೀಜಗಣಿತ ಕೇಳಬೇಕಾಯಿತು.

ಮೊದಲನೆಯ ಸಂಜೆ, "ಗೊತ್ತಿಲ್ಲದ್ದಕ್ಕ ಎಕ್ಸ್ ಅಂತ ಹಿಡೀಬೇಕು ಆಯಿ!" ಎಂದು ಕೂಗಿದೆ. ಆಯಿ ಸ್ವಲ್ಪ ಯೋಚಿಸಿ, ಹೊಸ ಹೆಸರು ಕಿವಿಗೆ ಬಿದ್ದಾಗ ನಮ್ಮ ಕಡೆಯ ಹಿರಿಯರು ಕೇಳುವುದನ್ನೇ, ಯಾರ ಮನೆತನದವನು ಎಂಬುದನ್ನೇ ಕೇಳಿದಳು: "ಅಂವ ಯಾರ ಪೈಕಿ?"

ಮರುದಿನ ಈ ಪ್ರಶ್ನೆಯನ್ನು ತರಗತಿಯಲ್ಲಿ ಹೇಳಲು ನನಗೆ ನಾಚಿಕೆಯಾಯಿತು. ಅಕ್ಕೋರು ಬಿಡಬೇಕಲ್ಲ. ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಅವರು ತುರುಬಿನ ಖಡು ಕಿತ್ತು ಬೋರ್ಡಿಗೆ ಹೋದರು. ಆಗಷ್ಟೇ ನಮಗೆ ತಿಳಿದದ್ದು, ಅದು ಅಲ್ಲಿರುವುದು ಅವರಿಗೆ ಮೊದಲಿನಿಂದ ಗೊತ್ತಿತ್ತೆಂದು.

"ನಗಬ್ಯಾಡ್ರಿ. ನಾ ಇಷ್ಟ ವರ್ಷ ಕಲಸಾಕತ್ತೇನಿ, ಇಂಥಾ ಛಲೋ ಪ್ರಶ್ನೆ ಯಾರೂ ಕೇಳಿಲ್ಲ. ಪರವೂರಾಂವ ಒಬ್ಬ ಓಣ್ಯಾಗ ಬಂದ್ನಂದ್ರ ಅಂವ ಯಾರು ಅಂತ ಹ್ಯಾಂಗ ಗೊತ್ತಾಕ್ಕೈತಿ? ಅವನ ಕೂಡ ಯಾರದಾರ, ಯಾರ ಮನಿಗೆ ಹೊಂಟಾನ ನೋಡತೀರಿಲ್ಲೋ? ಎಕ್ಸೂ ಹಂಗ. ಒಬ್ಬನ ನಿಂತ್ರ ಅಂವ ಯಾರಂತ ಯಾರಿಗೂ ಗೊತ್ತಿಲ್ಲ. ಅವನ ಬಾಜೂಕ ಯಾರದಾರ, ಆ ಕಡೆ ಯಾರದಾರ ನೋಡ್ರಿ, ತಾನ ಸಿಗ್ತಾನ. ಆಯಿಗೆ ಹೋಗಿ ಹೇಳು, ಅಂವ ಯಾರ ಪೈಕಿ ಅಂತ ಹುಡುಕೂದ ಬೀಜಗಣಿತ ಅಂತ."

ನನಗೆ ಸಮೀಕರಣ ಎಂಬುದು ಅಂದು ಒಂದಿಷ್ಟು ಅರ್ಥವಾಯಿತು. ಒಂದಿಷ್ಟೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಸಾಫ್ ನಪಾಸಾದೆ. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಹೆದರಿಕೆಗೆ ಬಾಯಿಗೆ ಬರುತ್ತಿದ್ದದ್ದೂ ಪೆನ್ನಿಗೆ ಬರುತ್ತಿರಲಿಲ್ಲ.

ನಾನು ಆಗ ಹತ್ತನೆಯ ತರಗತಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವ ಸಮಯ. ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರಬೇಕೆಂದು ಹೆಡ್‌ಮಾಸ್ತರರು ಹಟ ಹಿಡಿದಿದ್ದರು. ಅದಕ್ಕೆ ಅವರು ಹುಡುಕಿದ ದಾರಿ ಸಲೀಸು: ಗಣಿತದಲ್ಲಿ ನಪಾಸಾದ ನಮ್ಮಂಥ ಕೆಲವರ ಅರ್ಜಿಯನ್ನೇ ತುಂಬದಿರುವುದು, ಮುಂದಿನ ವರ್ಷ ಹೊರಗಿನಿಂದ ಕಟ್ಟಿಕೊಳ್ಳಿ ಎಂದು ಮನೆಗೆ ಕಳಿಸುವುದು. ನನ್ನ ಮಟ್ಟಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ನನ್ನ ಇಬ್ಬರು ಅಕ್ಕಂದಿರ ಶಾಲೆ ಹತ್ತನೆಯಲ್ಲೇ ನಿಂತಿತ್ತು. ನಪಾಸಾದ ಹುಡುಗಿಗೆ ಮನೆಯಲ್ಲಿ ಪುಸ್ತಕ ತರುವುದಿಲ್ಲ, ವರ ನೋಡುತ್ತಾರೆ. ನನಗಾಗಲೇ ಸವದತ್ತಿ ಕಡೆಯ ಒಂದು ಮನೆಯಿಂದ ಮಾತು ಬಂದಿತ್ತು.

ಅಕ್ಕೋರು ನನ್ನನ್ನು ಕರೆದು ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. "ಅಳಾಕ ಟೈಮಿಲ್ಲ ಸವಿತಾ. ಆಯಿಗೆ ದಿನಾ ಹೇಳು. ಮೊದಲ ಹಾಳ್ಯಾಗ ಬರಿ, ಆಮ್ಯಾಲ ಬರದದ್ದ ನೋಡಕೋತ ಹೇಳು. ಕೈ ನಡುಗಿದ್ರ ನಡುಗ್ಲಿ, ನಡುಗೂ ಕೈಲೆನ ಬರಿ. ಅರ್ಜಿ ತುಂಬಸೂದು ನನಗ ಬಿಡು" ಎಂದರು.

ನಾನು ಹಾಗೆಯೇ ಮಾಡತೊಡಗಿದೆ. ಆಯಿಗೆ ಒಂದು ವಿಚಿತ್ರ ಇತ್ತು. ಲೆಕ್ಕದೊಳಗೆ ಬರುವ ಮಂದಿಯೆಲ್ಲ ಆಕೆಗೆ ನಿಜವಾದ ಮಂದಿ. ವಯಸ್ಸಿನ ಲೆಕ್ಕ ಹೇಳಿದರೆ ಆ ತಂದೆ ಮಕ್ಕಳ ಯೋಗಕ್ಷೇಮವನ್ನು ವಾರಗಟ್ಟಲೆ ವಿಚಾರಿಸುವಳು. ಒಂದು ಸಂಜೆಯ ಲೆಕ್ಕ ಜಾಗದ್ದಾಗಿತ್ತು.

"ಒಂದು ಜಾಗಾ ಐತಿ ಆಯಿ! ಅಗಲಕ್ಕಿಂತ ಉದ್ದ ಐದು ಮೀಟರ್ ಹೆಚ್ಚಿಗಿ! ಎಲ್ಲಾ ಕೂಡಿ ನೂರೈವತ್ತು ಚದರ ಮೀಟರ್! ಅಗಲ ಎಷ್ಟು?"

"ಅಗಲ ಎಷ್ಟಂತ ಗೊತ್ತಿಲ್ದ ಜಾಗಾ ತೊಗೊಂಡಾರೇನ? ಮುಳುಗಿದ್ರು ಬಿಡು! ಯಾರು ಕೊಡ್ಸಿದ್ದು?"

"ಯಾರೂ ಕೊಡ್ಸಿಲ್ಲ ಆಯಿ! ಲೆಕ್ಕದಾಗ ಐತಿ!"

"ಲೆಕ್ಕಾ ಹರೀದಿದ್ರ ಮಾರಿ ಕೈ ತೊಳಕೊಳ್ಳಿ! ನಿಮ್ಮಪ್ಪಗ ಹೇಳು, ನಾ ಹೇಳೇನಿ ಅಂತ!"

ಹುಬ್ಬಳ್ಳಿಯಲ್ಲಿ ಅರ್ಧ ಮಂದಿ ಪ್ಲಾಟಿನ ಏಜೆಂಟರು, ಉಳಿದರ್ಧ ಏಜೆಂಟರಿಗೆ ಸುದ್ದಿ ಕೊಡುವವರು. ಮರುದಿನ ಮುಂಜಾನೆ ಅಪ್ಪ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಏಜೆಂಟ ಬಂದು ನಿಂತಿದ್ದ. "ಸಾವ್ಕಾರ್ರ, ಜಾಗಾ ಮಾರ್ತೀರಂತ, ನಮಗೊಂದ ಮಾತ ಹೇಳಬಾರದೇನ್ರಿ?" ಅಪ್ಪ ಇಲ್ಲ ಎಂದರೆ ಅವನು ನಂಬಲಿಲ್ಲ. ಇಲ್ಲ ಎಂದಷ್ಟೂ, ಜಾಗ ಬಲು ಒಳ್ಳೆಯ ಮೋಕಾದಲ್ಲಿದೆ, ಅದಕ್ಕೇ ಮುಚ್ಚಿಡುತ್ತಿದ್ದಾರೆ ಎಂದು ಸುದ್ದಿ ಬೆಳೆಯಿತು. ಮಧ್ಯಾಹ್ನದೊಳಗೆ ಇನ್ನಿಬ್ಬರು ಬಂದರು. ಸಂಜೆಗೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಮುಖ ಊದಿಸಿಕೊಂಡು ಬಂದು ಕೂತರು. ತಮಗೆ ಗೊತ್ತಿಲ್ಲದೆ ಒಡಹುಟ್ಟಿದ ತಮ್ಮ ಯಾವ ಜಾಗ ಹಿಡಿದಿದ್ದಾನೆ ಎಂಬುದು ಅವರ ಸಂಕಟ. ಅವರ ಮುಂದೆ ಅಪ್ಪ ದೇವರ ಆಣೆ ಮಾಡಬೇಕಾಯಿತು.

ದೊಡ್ಡಪ್ಪ ಹೊಸ್ತಿಲು ದಾಟಿದ್ದೇ ತಡ, ಅಪ್ಪ ನನ್ನ ಕಡೆ ತಿರುಗಿದರು. "ಸಾಕು ನಿನ್ನ ಸಾಲಿ! ನಾಳೆ ಬಂದು ಆ ಅಕ್ಕೋರಿಗೆ ನಾಕ ಮಾತ ಹೇಳೇ ನಿನ್ನ ಕರಕೊಂಡ ಬರ್ತೇನಿ. ಲೆಕ್ಕಾ ಕಲಸ್ರಿ ಅಂದ್ರ ಅಣ್ಣತಮ್ಮರಿಗೆ ಜಗಳಾ ಹಚ್ಯಾರ!" ಎಂದು ಗುಡುಗಿದರು. ಆಯಿ ಕಟ್ಟೆಯ ಮೇಲಿನಿಂದ, "ಜಾಗಾ ಮಾರಿತೇನ?" ಎಂದು ಕೂಗಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಅತ್ತೆ.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಸೀದಾ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದರು. ಅಕ್ಕೋರೂ ಅಲ್ಲೇ ಇದ್ದರು, ಅರ್ಜಿಗಳ ವಿಷಯಕ್ಕೇ ಮಾತು ನಡೆದಿತ್ತು.

"ಅಕ್ಕೋರ, ಲೆಕ್ಕಾ ಕೊಡೂದು ನಿಮ್ಮ ಕೆಲಸ, ಮಾಡೂದು ಆಕಿ ಕೆಲಸ. ನಡಬರಕ ನಮ್ಮವ್ವನ್ನ ಯಾಕ ಎಳೀತೀರಿ? ನಮ್ಮ ಮನಿ ಮುಂದ ಏಜೆಂಟರ ಸಂತಿ ಕೂಡೇತಿ!" ಎಂದು ಅಪ್ಪ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

ಹೆಡ್‌ಮಾಸ್ತರರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನಿಮ್ಮ ಸಿಟ್ಟು ಬರೋಬ್ಬರಿ ಐತ್ರಿ. ಈ ವರ್ಷ ಆಕೀನ್ನ ಮನ್ಯಾಗ ಇಟ್ಕೊಳ್ರಿ. ಹೆಂಗೂ ಪಾಸಾಗೂ ಹುಡುಗಿ ಅಲ್ಲ. ಬೇಕಂದ್ರ ಮುಂದ ಹೊರಗಿಂದ ಕಟ್ಲಿ" ಎಂದರು.

ಅಪ್ಪ ಬಾಯಿ ತೆರೆಯುವ ಮೊದಲೇ ಅಕ್ಕೋರು ಕುರ್ಚಿ ಎಳೆದು ಅವರ ಮುಂದೆ ಇಟ್ಟರು. "ಕೂಡ್ರಿ ಸಾವ್ಕಾರ್ರ. ಆ ಏಜೆಂಟರು ಜಾಗಾದ ಅಗಲ ಎಷ್ಟಂತ ಕೇಳಿದ್ರೇನು?"

"ಕೇಳಿದ್ರು! ಇಲ್ಲದ ಜಾಗಾದ್ದು ನಾ ಏನ ಹೇಳ್ಲಿ?"

"ನಿಮ್ಮ ಮಗಳಿಗೆ ಗೊತ್ತೈತಿ. ಹೇಳವಾ ಸವಿತಾ, ನಿಮ್ಮಪ್ಪಗ. ಈ ಕಾಗದದ ಮ್ಯಾಲ ಬರದು ಹೇಳು."

ನಡುಗುವ ಕೈಯಲ್ಲೇ ಬರೆದೆ. ಅಗಲ ಗೊತ್ತಿಲ್ಲ, ಎಕ್ಸ್ ಎಂದು ಹಿಡಿಯೋಣ. "ಮುಂದ?" ಎಂದರು ಅಕ್ಕೋರು. ಉದ್ದ ಅದಕ್ಕಿಂತ ಐದು ಹೆಚ್ಚು. "ಮುಂದ?" ಎರಡನ್ನೂ ಗುಣಿಸಿದರೆ ನೂರೈವತ್ತು. ಹೆಜ್ಜೆಹೆಜ್ಜೆಯಾಗಿ ಬಿಡಿಸುತ್ತ ಹೋದೆ. ಆಯಿಗೆ ಕೂಗಿ ಕೂಗಿ ರೂಢಿಯಾಗಿದ್ದರಿಂದ ಅಲ್ಲೂ ಕೂಗುತ್ತಲೇ ಇದ್ದೆನೆಂದು ಕಾಣುತ್ತದೆ, ಶಿಪಾಯಿ ಬಂದು ಬಾಗಿಲಲ್ಲಿ ಇಣುಕಿದ. ಕೊನೆಗೆ ಎರಡು ಉತ್ತರ ಬಂದವು. ಒಂದು ಹತ್ತು, ಇನ್ನೊಂದು ಮೈನಸ್ ಹದಿನೈದು. ಎರಡನೆಯದನ್ನು ಹೊಡೆದುಹಾಕಿ, "ಅಗಲ ಹತ್ತು ಮೀಟರ್, ಉದ್ದ ಹದಿನೈದು ಮೀಟರಪ್ಪ" ಎಂದೆ.

ಅಪ್ಪ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಹತ್ತು ಹದಿನೈದಲಿ ನೂರೈವತ್ತು ಎಂದು ಬಾಯಲ್ಲೇ ತಾಳೆ ನೋಡಿದರು. ಆಮೇಲೆ ಹೊಡೆದುಹಾಕಿದ ಅಂಕಿಯ ಮೇಲೆ ಬೆರಳಿಟ್ಟರು.

"ಇದನ್ಯಾಕ ಹೊಡದಿ?"

"ಅಗಲ ಸೊನ್ನಿಕಿಂತ ಕಡಿಮಿ ಇರಾಕ ಬರೂದಿಲ್ಲಪ್ಪ."

"ಇರಾಕ ಬರೂದಿಲ್ಲಂದ್ರ ಲೆಕ್ಕದಾಗ ಯಾಕ ಬಂತು?"

ನಾನು ಅಕ್ಕೋರ ಕಡೆ ತಿರುಗಿದೆ. ಅವರ ಮುಖ ಅರಳಿ ಮೊರದಗಲ ಆಗಿತ್ತು. "ಹೋಮ್‌ವರ್ಕ್ ಆತು!" ಎಂದು ಮೇಜು ಕುಟ್ಟಿದರು. "ಸಾವ್ಕಾರ್ರ, ಅದು ಜಾಗಾ ಅಂತ ಲೆಕ್ಕಕ್ಕ ಗೊತ್ತಿಲ್ರಿ. ಅದು ತನಗ ಸಿಕ್ಕ ಉತ್ತರ ಎಲ್ಲಾ ತಂದು ನಿಮ್ಮ ಮುಂದ ಸುರೀತೈತಿ. ಯಾವುದು ಇಟ್ಕೋಬೇಕು, ಯಾವುದು ಚೆಲ್ಲಬೇಕು ಅನ್ನೂದನ್ನ ಮನಷ್ಯಾ ನೋಡಬೇಕು. ನಿಮ್ಮ ಮಗಳು ಈಗ ಅದನ್ನ ನೋಡಿದ್ಲು."

"ಅಂದ್ರ ಇದು ಕಾಳ ಹಸನ ಮಾಡಿದಂಗ ಆತಲ್ರಿ" ಎಂದರು ಅಪ್ಪ, ತಮ್ಮಷ್ಟಕ್ಕೆ ತಾವು.

ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಬಾಯಿಲೆ ಹೇಳಿದ್ರ ಬೋರ್ಡಿನವ್ರು ಮಾರ್ಕ್ಸ್ ಕೊಡೂದಿಲ್ರಿ. ಸಾಲಿ ರಿಸಲ್ಟ್ ಹೋದ್ರ ಯಾರು ಹೊಣಿ?"

"ನಾ ಹೊಣಿ" ಎಂದರು ಅಕ್ಕೋರು. ದನಿ ಎತ್ತರಿಸಲಿಲ್ಲ. "ಪರೀಕ್ಷಾ ಬರದು ಫೇಲಾದ್ರ ಆಗ್ಲಿ, ಅದು ಅವ್ರ ಹಕ್ಕು. ಬರಿಯೂಕಿಂತ ಮೊದಲ ಫೇಲ್ ಮಾಡಾಕ ನಾ ಬಿಡೂದಿಲ್ಲ. ಈಕೀದಷ್ಟ ಅಲ್ಲ, ಮಂಜುನಾಥಂದು, ಉಳಿದವ್ರದು ಎಲ್ಲಾರದೂ ಅರ್ಜಿ ಹೋಗಬೇಕು. ಒಂದ ಉಳದ್ರೂ ನಾ ಇಲ್ಲಿಂದ ಏಳೂದಿಲ್ರಿ." ಹಾಗೆಂದವರೇ ಕುರ್ಚಿಯಲ್ಲಿ ಕೂತುಬಿಟ್ಟರು.

ಅಪ್ಪ ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದರು. "ಸರ್, ನಮ್ಮ ಹುಡುಗೀದು ತುಂಬ್ರಿ. ಇಲ್ಲಾಂದ್ರ ನಾನೂ ಅಕ್ಕೋರ ಬಾಜೂಕ ಇಲ್ಲೇ ಕೂಡ್ತೇನಿ" ಎಂದರು. ನನ್ನನ್ನು ಶಾಲೆ ಬಿಡಿಸಲು ಬಂದವರು ಅವರು. ಅಂದು ನನಗೆ ಅಪ್ಪನ ಮೇಲೆ ಉಕ್ಕಿದ ಪ್ರೀತಿಯನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ.

ಅರ್ಜಿಗಳೆಲ್ಲ ಹೋದವು. ನಾನು ದಡ ಸೇರಿದೆ, ಏದುಸಿರು ಬಿಡುತ್ತ ಸೇರಿದೆ, ಆದರೂ ಸೇರಿದೆ. ಮಂಜುನಾಥ ಸೇರಲಿಲ್ಲ. ಶಾಲೆಯ ನೂರಕ್ಕೆ ನೂರು ಅವನಿಂದ ತಪ್ಪಿತು. ಅಕ್ಕೋರು ಬೇಸಿಗೆ ಸೂಟಿಯ ಉರಿಬಿಸಿಲಲ್ಲಿ ಹೆಬ್ಬಳ್ಳಿಯಿಂದ ಬಂದು ಅವನ ಮನೆಯ ದನ ಕಟ್ಟುವ ದಂದಕ್ಕಿಯಲ್ಲಿ, ಆ ಎಮ್ಮೆಯ ಎದುರಿಗೇ ಕೂತು ಅವನಿಂದ ಪಾಠ ಹೇಳಿಸಿಕೊಂಡರು. ಅವನು ಪೂರಕ ಪರೀಕ್ಷೆಯಲ್ಲಿ ಪಾಸಾದ. ಮುಂದಿನ ವರ್ಷ ಅಕ್ಕೋರಿಗೆ ಹತ್ತನೆಯ ತರಗತಿ ಕೊಡಲಿಲ್ಲ, ಎಂಟನೆಯದಕ್ಕೆ ಹಾಕಿದರು. ಕೇಳಿ ನಮಗೆ ಸಂಕಟವಾಯಿತು. ಅವರು ಮಾತ್ರ, "ಛಲೋನ ಆತು, ಎಕ್ಸ್ ಹುಟ್ಟೂದ ಎಂಟನೇತ್ತಾದಾಗ" ಎಂದು ಖಡು ಚುಚ್ಚಿಕೊಂಡು ಆ ಕಡೆ ನಡೆದರು.

ನಾನು ಪಿಯುಸಿ ಮುಗಿಸಿ, ಔಷಧಿಯ ಡಿಪ್ಲೊಮಾ ಮಾಡಿ, ಈಗ ಸತ್ತೂರಿನ ಕಡೆಯ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದೇನೆ. ಗುಳಿಗೆ ಕೊಟ್ಟು, ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ತಿಳಿಸಿ ಹೇಳುವುದು ನನ್ನ ಕೆಲಸ. ನನ್ನ ಕೌಂಟರಿನ ಮುಂದಿನ ಸಾಲು ಬೇಗ ಕರಗುವುದಿಲ್ಲವೆಂದು ಜೊತೆಯವರು ಆಡಿಕೊಳ್ಳುತ್ತಾರೆ. ಕಾರಣ, ಹೇಳಿ ಮುಗಿಸಿದ ಮೇಲೆ ಬಂದವರು ನನಗೆ ಒಂದು ಪ್ರಶ್ನೆ ಕೇಳಲೇಬೇಕು, ಅಲ್ಲಿಯವರೆಗೆ ನಾನು ಚೀಟಿ ಕೈಗೆ ಕೊಡುವುದಿಲ್ಲ. ಎಲ್ಲಾ ತಿಳೀತ್ರಿ ಎಂದು ತಲೆ ಅಲ್ಲಾಡಿಸಿದ ಒಬ್ಬ ಅಜ್ಜ, ಒತ್ತಾಯ ಮಾಡಿದ್ದಕ್ಕೆ, "ಒಂದ ದಿನಾ ಮರತ್ರ ಮರುದಿನಾ ಎರಡು ಕೂಡೇ ನುಂಗಬೇಕಲ್ರಿ?" ಎಂದ. ಅದು ಹಾಗೆ ನುಂಗಬಾರದ ಗುಳಿಗೆ. ಆ ಪ್ರಶ್ನೆ ಬರದಿದ್ದರೆ ಅಜ್ಜನ ಗತಿ ಏನಾಗುತ್ತಿತ್ತೋ.

ಹೋದ ವರ್ಷ ಒಂದು ದಿನ ಕೌಂಟರಿನ ಆಚೆ ಒಬ್ಬ ಸಣ್ಣ ಮುದುಕಿ ಬಂದು ನಿಂತರು. ಕುತ್ತಿಗೆಯ ಗಂಟಿನಿಂದ ತಪಾಸಣೆಗೆ ತುಂಡು ತೆಗೆದ ಜಾಗಕ್ಕೆ ಬಿಳಿಪಟ್ಟಿ, ಜೊತೆಗೆ ಅಣ್ಣನ ಮಗ. ಗುರುತು ಹತ್ತಲಿಲ್ಲ ನನಗೆ. ಮಾಸ್ಕಿನೊಳಗಿದ್ದ ನನ್ನ ಗುರುತು ಅವರಿಗಂತೂ ಹತ್ತುವಂತಿರಲಿಲ್ಲ. ಗುಳಿಗೆಗಳನ್ನು ತಿಳಿಸಿ ಹೇಳಿ, ಚೀಟಿ ಹಿಡಿದುಕೊಂಡು, "ಈಗ ನೀವು ನನಗೊಂದು ಪ್ರಶ್ನೆ ಕೇಳಬೇಕ್ರಿ" ಎಂದೆ.

ಮುದುಕಿ ತಟ್ಟನೆ ತಲೆಯೆತ್ತಿದರು. "ಯಾವ ಸಾಲಿಯಾಕಿ ನೀ?"

ಮಾಸ್ಕ್ ಎಳೆದು ಹಾಕಿ, ಸಾಲು ಗೀಲು ಎಲ್ಲ ಬಿಟ್ಟು, ಈಚೆ ಬಂದು ಅವರ ಕಾಲು ಮುಟ್ಟಿದೆ. "ಆಯಿ ಮಮ್ಮಗಳು!" ಎಂದು ನನ್ನ ಗದ್ದ ಹಿಡಿದರು. ನನ್ನ ಹೆಸರು ಅವರಿಗೆ ನೆನಪಾದದ್ದು ಆಮೇಲೆ. ಬೆಂಚಿನ ಮೇಲೆ ಕೂತು, ಗುಳಿಗೆಯ ಅಜ್ಜನ ಸುದ್ದಿಯಿಂದ ಹಿಡಿದು ಏನೇನೋ ಮಾತಾಡಿದೆವು.

"ಖರೇ ಹೇಳು, ನನ್ನ ಎಕ್ಸ್ ಯಾವಾಗರ ಉಪಯೋಗ ಬಿತ್ತೇನ?"

"ಖರೇ ಹೇಳ್ಲ್ಯಾ ಅಕ್ಕೋರ? ಎಕ್ಸ್ ವರ್ಗ ಬಿಡಸೂ ಪ್ರಸಂಗ ಒಮ್ಮೆನೂ ಬಂದಿಲ್ರಿ."

ಅವರು ಕುತ್ತಿಗೆ ಹಿಡಿದುಕೊಂಡು ನಕ್ಕರು. "ಬರೂದ ಇಲ್ಲ. ನೀ ಆ ಅಜ್ಜನ ಕಡಿಂದ ಪ್ರಶ್ನೆ ಕೇಳಿಸಿದಿ ನೋಡು, ಅಷ್ಟ ಸಾಕು ನನಗ. ಚೀಟಿ ಕೊಡು. ನನ್ನ ಪ್ರಶ್ನೆ ರಿಪೋರ್ಟ್ ಬಂದ ಮ್ಯಾಲ ಕೇಳ್ತೇನಿ."

ರಿಪೋರ್ಟ್ ಬಂದ ದಿನ ಅವರನ್ನು ಆಸ್ಪತ್ರೆಗೆ ಸೇರಿಸಿಕೊಂಡರು, ನಾನೇ ವಾರ್ಡಿಗೆ ಹೋದೆ. ಡಾಕ್ಟರರು ಎಲ್ಲವನ್ನೂ ಹೇಳಿ ಹೋಗಿದ್ದರು, ಅಣ್ಣನ ಮಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಅಕ್ಕೋರು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಿಳಿಯ ತುರುಬು ಈಗ ನಿಂಬೆಕಾಯಿಯಷ್ಟಾಗಿತ್ತು. ಅದರೊಳಗೆ ಯಾರದೋ ಬಾಲ್‌ಪೆನ್ನು ಚುಚ್ಚಿಕೊಂಡಿದ್ದರು. ನನ್ನನ್ನು ಕಂಡು, ಕುತ್ತಿಗೆಯ ಪಟ್ಟಿಗೆ ಬೆರಳು ತೋರಿಸಿದರು.

"ಈಗ ಕೇಳ್ತೇನಿ ನೋಡು. ಇಂವ ಯಾರ ಪೈಕಿ?"

ನನಗೆ ಕಣ್ಣು ತುಂಬಿ ಬಂದವು. ಸುಳ್ಳು ಹೇಳಿದರೆ ಅವರ ಮುಂದೆ ನಡೆಯುವುದಿಲ್ಲ. "ಛಲೋ ಮಂದಿ ಪೈಕಿ ಅಲ್ರಿ ಅಕ್ಕೋರ."

"ನನಗೂ ಹಂಗ ಅನಿಸಿತ್ತು. ಅಳಾಕ ಟೈಮಿಲ್ಲ, ಲೆಕ್ಕಾ ಸುರು ಮಾಡು. ಮೊದಲ ಏನು?"

ಚೀಟಿ ತೆಗೆದು ಹೇಳತೊಡಗಿದೆ. ಮೊದಲು ಈ ಇಂಜೆಕ್ಷನ್ನು, ಅದರ ಕೂಡ ವಾಂತಿಗೆ ಈ ಗುಳಿಗೆ. "ಮುಂದ?" ಆಮೇಲೆ ಮತ್ತೆ ರಕ್ತ ತಪಾಸಣೆ. "ಮುಂದ?" ಆಮೇಲೆ ಎರಡನೆಯ ಸುತ್ತು, ಕೂದಲು ಉದುರಬಹುದು. "ಉದುರ್ಲಿ. ಮುಂದ?" ಮೂರನೆಯ ಸುತ್ತಾದ ಮೇಲೆ ಗಂಟು ಎಷ್ಟು ಕರಗಿದೆ ಎಂದು ನೋಡುತ್ತಾರೆ. "ಮುಂದ?"

ಚೀಟಿಯ ಸಾಲುಗಳು ಅಲ್ಲಿಗೆ ಮುಗಿದಿದ್ದವು. ಡಾಕ್ಟರರೂ ಅಲ್ಲಿಗೇ ನಿಲ್ಲಿಸಿದ್ದರು.

"ಮುಂದ?" ಎಂದು ಅಕ್ಕೋರು ಮತ್ತೆ ಕೇಳಿದರು.

"ಮುಂದ ಗೊತ್ತಿಲ್ರಿ ಅಕ್ಕೋರ."

ಅಕ್ಕೋರು ತುರುಬಿನಿಂದ ಪೆನ್ನು ಕಿತ್ತು ನನ್ನ ಕೈಗೆ ಕೊಟ್ಟರು.

"ಗೊತ್ತಿಲ್ಲಂದ್ರ ಎಕ್ಸ್ ಅಂತ ಹಿಡಿ. ಲೆಕ್ಕಾ ನಿಂದರಸಬ್ಯಾಡ."

ನಾನು ಚೀಟಿಯ ಕೊನೆಯ ಸಾಲಿನ ಕೆಳಗೆ ಎಕ್ಸ್ ಎಂದು ಬರೆದೆ. ಆಮೇಲೆ ಕಣ್ಣೊರೆಸಿಕೊಂಡು, ಮುಂಜಾನೆಯ ಗುಳಿಗೆಯನ್ನು ಉಪ್ಪಿಟ್ಟು ತಿಂದ ಮೇಲೆ ತೆಗೆದುಕೊಳ್ಳಬೇಕೆಂದು ಹೇಳಿದೆ.